ಉಣ್ಣದವನ ಹಲ್ಲುಕಡ್ಡಿ

ಸ್ಪೇನಿನ ಸಾಲಮಾಂಕಾ ಊರಿನ ಅಂಚಿನಲ್ಲಿ ತೋರ್ಮೆಸ್ ನದಿಗೆ ರೋಮನ್ನರ ಕಾಲದ ಕಲ್ಲಿನ ಸೇತುವೆಯೊಂದಿದೆ. ಅದರ ಊರ ಕಡೆಯ ತುದಿಯಲ್ಲಿ ತಲೆಯಿಲ್ಲದ ಒಂದು ಕಲ್ಲಿನ ಗೂಳಿ ನಿಂತಿದೆ. 1554ರಲ್ಲಿ ಅಚ್ಚಾದ, ಬರೆದವರ ಹೆಸರಿಲ್ಲದ ‘ಲಥಾರಿಯೊ ದೆ ತೋರ್ಮೆಸ್’ ಎಂಬ ಪುಟ್ಟ ಕಾದಂಬರಿಯ ಹುಡುಗ ನಾಯಕ ತನ್ನ ಮೊದಲ ಪಾಠ ಕಲಿಯುವುದು ಈ ಗೂಳಿಯ ಬಳಿ. ಬಡತನ ತಾಳಲಾರದೆ ತಾಯಿ ಅವನನ್ನು ಒಬ್ಬ ಕುರುಡ ಭಿಕ್ಷುಕನ ಕೈಗೆ ಒಪ್ಪಿಸಿರುತ್ತಾಳೆ. ಇಬ್ಬರೂ ಊರು ಬಿಟ್ಟು ಹೊರಟಾಗ ಕುರುಡ, ‘ಈ ಗೂಳಿಗೆ ಕಿವಿಯಿಟ್ಟು ಕೇಳು, ಒಳಗೆ ದೊಡ್ಡ ಸದ್ದಿದೆ’ ಎನ್ನುವ ಅರ್ಥದ ಮಾತು ಹೇಳುತ್ತಾನೆ. ಹುಡುಗ ನಂಬಿ ಕಿವಿಯಿಡುತ್ತಾನೆ. ಕುರುಡ ಅವನ ತಲೆಯನ್ನು ಕಲ್ಲಿಗೆ ಜಜ್ಜುತ್ತಾನೆ. ಆ ಏಟಿಗೆ ತನ್ನ ಮುಗ್ಧತೆಯ ನಿದ್ದೆ ಹಾರಿಹೋಯಿತು ಎಂದು ಹುಡುಗ ಮುಂದೆ ನೆನೆಯುತ್ತಾನೆ.

ನಾನು ಒಂದು ವರ್ಷದ ಸ್ನಾತಕೋತ್ತರ ಓದಿಗೆಂದು ಸಾಲಮಾಂಕಾಕ್ಕೆ ಬಂದ ಮೊದಲ ವಾರವೇ ಆ ಗೂಳಿಯನ್ನು ನೋಡಲು ಹೋಗಿದ್ದೆ. ಜೊತೆಗಿದ್ದವರು ನಗುತ್ತಾ ಫೋಟೋ ತೆಗೆಯುತ್ತಿದ್ದರೆ ನಾನೂ ಕಿವಿಯಿಟ್ಟೆ. ಸೆಪ್ಟೆಂಬರಿನ ಬಿಸಿಲಲ್ಲೂ ಕಲ್ಲು ತಣ್ಣಗಿತ್ತು. ಏನೂ ಕೇಳಿಸಲಿಲ್ಲ. ನನಗೆ ಬೀಳಬೇಕಾಗಿದ್ದ ಏಟು ಎರಡು ತಿಂಗಳ ನಂತರ ನಾನು ಬಾಡಿಗೆಗಿದ್ದ ಮನೆಯ ಅಡುಗೆಮನೆಯಲ್ಲಿ ಬಿತ್ತು. ಅದನ್ನು ಅರ್ಥ ಮಾಡಿಕೊಳ್ಳಲು ಮೂರು ಪುಸ್ತಕಗಳ ನೆರವು ಬೇಕಾಯಿತು. ಈ ಬರಹ ಆ ಮೂರು ಪುಸ್ತಕಗಳ ಬಗ್ಗೆ.

ಕನ್ನಡದಲ್ಲಿ ವಿದೇಶದ ಬರಹಕ್ಕೇನೂ ಕೊರತೆಯಿಲ್ಲ. ಆಕ್ಸ್‌ಫರ್ಡಿಗೆ ಓದಲು ಹೊರಟ ವಿ.ಕೃ. ಗೋಕಾಕರ ಹಡಗಿನ ಪ್ರಯಾಣ ನಮಗೆ ‘ಸಮುದ್ರಗೀತೆಗಳು’ ಸಂಕಲನವನ್ನು ಕೊಟ್ಟಿತು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ನಮ್ಮ ಮನೆಗಳ ಕಪಾಟಿನಲ್ಲಿವೆ. ಆದರೆ ಪ್ರವಾಸ ಕಥನದ ಲೇಖಕ ನೋಡುವವನು. ಅವನಿಗೆ ಮರಳುವ ಟಿಕೆಟ್ಟಿದೆ, ನೋಡಿದ್ದನ್ನು ಹೇಳುವ ತವಕವಿದೆ. ಓದಲು ಹೋದವಳ ದಿನಗಳು ಬೇರೆ. ಅವಳು ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕೂತ ಕಪ್ಪೆಯನ್ನು ಒಂದು ಸಲ ಹುಡುಕಿ ನೋಡುತ್ತಾಳೆ. ಅದನ್ನು ತಾವೇ ಕಂಡುಹಿಡಿದ ವಿದ್ಯಾರ್ಥಿಗಳು ಪಾಸಾಗುತ್ತಾರೆಂಬ ನಂಬಿಕೆ ಅಲ್ಲಿದೆ. ಆಮೇಲೆ ವರ್ಷವಿಡೀ ಅದೇ ಬಾಗಿಲ ಮುಂದೆ, ತಲೆಯೆತ್ತದೆ, ತರಕಾರಿ ಚೀಲ ಹಿಡಿದು ಓಡಾಡುತ್ತಾಳೆ. ಈ ತಲೆಯೆತ್ತದ ಓಡಾಟವನ್ನು ಬರೆಯುವುದು ಹೇಗೆ ಎನ್ನುವುದು ಒಂದು ಸಾಹಿತ್ಯಕ ಪ್ರಶ್ನೆ ಎಂದು ನನಗೆ ಅನ್ನಿಸಿದೆ.

ಮೊದಲು ಬದಲಾಗಬೇಕಾಗಿದ್ದು ಹೊಟ್ಟೆಯ ಗಡಿಯಾರ. ಹಾಸನದ ನಮ್ಮ ಮನೆಯಲ್ಲಿ ಮಧ್ಯಾಹ್ನ ಒಂದಕ್ಕೆ ಊಟ, ರಾತ್ರಿ ಎಂಟಕ್ಕೆ ಊಟ. ಅಲ್ಲಿ ಮಧ್ಯಾಹ್ನದ ಊಟಕ್ಕೆ ಕೂರುವುದೇ ಎರಡೂವರೆಗೆ. ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳು ಬಾಗಿಲು ಹಾಕುತ್ತವೆ. ರಾತ್ರಿಯ ಊಟ ಒಂಬತ್ತೂವರೆ, ಹತ್ತು. ಇದಕ್ಕೆ ಸೋಮಾರಿತನ ಕಾರಣವಲ್ಲ. ಭೂಪಟದಲ್ಲಿ ಲಂಡನ್ನಿನ ನೇರಕ್ಕೆ ಬರುವ ಸ್ಪೇನ್ 1940ರಿಂದ ಗಡಿಯಾರವನ್ನು ಮಾತ್ರ ಬರ್ಲಿನ್ನಿನ ಹೊತ್ತಿಗೆ ಇಟ್ಟುಕೊಂಡಿದೆ. ಜೂನ್ ತಿಂಗಳಲ್ಲಿ ಸಾಲಮಾಂಕಾದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಜನ ಸೂರ್ಯನ ಜೊತೆ ಉಣ್ಣುತ್ತಾರೆ, ಗೋಡೆಯ ಮುಳ್ಳು ತನ್ನ ಪಾಡಿಗೆ ತಾನು ಬೇರೆ ಗಂಟೆ ತೋರಿಸುತ್ತದೆ. ಇದು ಗೊತ್ತಾಗುವ ಮೊದಲು ನಾನು ಸಂಜೆ ಏಳಕ್ಕೆ ಅಡುಗೆಮನೆಗೆ ಹೋಗಿ ಒಬ್ಬಳೇ ಉಂಡು, ಮನೆಯವರೆಲ್ಲ ಉಣ್ಣಲು ಕೂತಾಗ ಕೋಣೆಯಲ್ಲಿ ಮಲಗಿರುತ್ತಿದ್ದೆ. ಮಾತು ನಡೆಯುವುದು ಊಟದ ಮೇಜಿನ ಸುತ್ತ. ಹೊತ್ತಲ್ಲದ ಹೊತ್ತಿನಲ್ಲಿ ಉಂಡವಳಿಗೆ ಮಾತೂ ಸಿಗುವುದಿಲ್ಲ.

ಆಮೇಲೆ ಕಿವಿ. ನಾನು ಬೆಂಗಳೂರಿನಲ್ಲಿ ಮೂರು ವರ್ಷ ಸ್ಪ್ಯಾನಿಷ್ ಕಲಿತಿದ್ದೆ. ಕ್ರಿಯಾಪದದ ರೂಪಗಳನ್ನು ಮಗ್ಗಿಯಂತೆ ಒಪ್ಪಿಸಬಲ್ಲವಳಾಗಿದ್ದೆ. ಆದರೆ ಬೀದಿಯಲ್ಲಿ ಎಲ್ಲರೂ ‘ಬಾಲೆ, ಬಾಲೆ’ ಎನ್ನುತ್ತಿದ್ದರು. ಅಂಗಡಿಯವನು ಬಾಲೆ, ಬಸ್ಸಿನ ಚಾಲಕ ಬಾಲೆ, ಪಾಠದ ಕೊನೆಗೆ ಮೇಷ್ಟ್ರೂ ಬಾಲೆ. ಸರಿ, ಆಯಿತು, ಒಪ್ಪಿದೆ ಎನ್ನುವುದಕ್ಕೆ ಸ್ಪೇನಿನವರು ಬಳಸುವ ಮಾತು ಅದು. ‘ವ’ ಬರೆದಲ್ಲಿ ‘ಬ’ ನುಡಿಯುತ್ತಾರೆ. ನಾನು ಅಲ್ಲಿ ಮೊದಲು ಸಲೀಸಾಗಿ ಕಲಿತ ಪದವೂ ಅದೇ, ನನ್ನನ್ನು ಕೆಡಿಸಿದ ಪದವೂ ಅದೇ. ಅರ್ಥವಾದರೂ ಬಾಲೆ, ಆಗದಿದ್ದರೂ ಬಾಲೆ. ಹೇಳಿದ ಕೂಡಲೇ ಎದುರಿನವರ ಮುಖದಲ್ಲಿ ನೆಮ್ಮದಿ ಕಾಣುತ್ತಿತ್ತು. ಮಾತು ಮುಂದೆ ಹೋಗುತ್ತಿತ್ತು, ನಾನು ಹಿಂದೆ ಉಳಿಯುತ್ತಿದ್ದೆ.

ಇನ್ನೊಂದು ಕಷ್ಟ ‘ನೀನು’, ‘ನೀವು’ಗಳದು. ಸ್ಪ್ಯಾನಿಷ್‌ನಲ್ಲಿ ‘ತೂ’ ಎಂದರೆ ನೀನು, ‘ಉಸ್ತೆದ್’ ಎಂದರೆ ತಾವು. ನಮ್ಮ ‘ತಾವು’ ಹೇಗೆ ಅವರು-ತಾವು ಎರಡಕ್ಕೂ ಸಲ್ಲುತ್ತದೋ ಹಾಗೆ ಉಸ್ತೆದ್‌ಗೂ ಮೂರನೆಯವರ ಕ್ರಿಯಾಪದ ಬರುತ್ತದೆ. ಹಾಗಾಗಿ ಕನ್ನಡದವಳಿಗೆ ಇದು ಸುಲಭ ಎಂದುಕೊಂಡಿದ್ದೆ. ಆದರೆ ಇಂದಿನ ಸ್ಪೇನಿನ ತರಗತಿಗಳಲ್ಲಿ ವಿದ್ಯಾರ್ಥಿಗಳು ಮೇಷ್ಟ್ರನ್ನು ‘ತೂ’ ಎಂದೇ ಕರೆಯುವುದು ಸಾಮಾನ್ಯ. ಅರವತ್ತು ದಾಟಿದ, ನಾನು ಪುಸ್ತಕಗಳಲ್ಲಿ ಹೆಸರು ಓದಿದ್ದ ಪ್ರಾಧ್ಯಾಪಕಿಯನ್ನು ನೀನು ಎನ್ನುವುದು ಹೇಗೆ? ನಾನು ಉಸ್ತೆದ್ ಎಂದಾಗ ಅವರು ಮುಖ ಸೊಟ್ಟ ಮಾಡಿ, ‘ನನ್ನನ್ನು ಮುದುಕಿ ಮಾಡಬೇಡ’ ಎಂದು ನಕ್ಕರು. ಅಂದಿನಿಂದ ನಾನು ಅವರನ್ನು ಏನೂ ಎಂದು ಕರೆಯದೆ ವಾಕ್ಯ ಕಟ್ಟುವ ಕಸರತ್ತು ಮಾಡುತ್ತಿದ್ದೆ. ಪ್ರಶ್ನೆ ಕೇಳಬೇಕಾದಲ್ಲಿ ಕೇಳದೆ ಸುಮ್ಮನಾಗುತ್ತಿದ್ದೆ. ನನ್ನ ಗೌರವ ನನ್ನನ್ನೇ ಮೂಕಿ ಮಾಡಿತ್ತು.

ಆ ಹೊತ್ತಿಗೆ ತರಗತಿಯಲ್ಲಿ ಲಥಾರಿಯೊದ ಮೂರನೆಯ ಅಧ್ಯಾಯಕ್ಕೆ ಬಂದಿದ್ದೆವು. ಹುಡುಗ ಈಗ ತೊಲೇದೊ ಊರಿನಲ್ಲಿ ಒಬ್ಬ ಎಸ್ಕುದೇರೊನ ಆಳು. ಎಸ್ಕುದೇರೊ ಎಂದರೆ ಕುಲದ ಗರ್ವ ಉಳಿದು ಗಂಟು ಕರಗಿದ ಸಣ್ಣ ಕುಲೀನ. ಕತ್ತಿ ಇದೆ, ಚೊಕ್ಕವಾದ ಮೇಲಂಗಿ ಇದೆ, ಮನೆಯಲ್ಲಿ ಒಂದು ತುತ್ತಿಲ್ಲ. ಕೊನೆಗೆ ಯಜಮಾನನಿಗೆ ಆಳೇ ಭಿಕ್ಷೆ ಬೇಡಿ ತಂದು ಉಣ್ಣಿಸುವ ಸ್ಥಿತಿ. ಇಷ್ಟಾದರೂ ಆ ಮನುಷ್ಯ ಮಧ್ಯಾಹ್ನ ಬಾಗಿಲ ಬಳಿ ಹೋಗಿ ಒಂದು ಒಣಹುಲ್ಲಿನ ಕಡ್ಡಿಯಿಂದ ಹಲ್ಲು ಕೆದಕುತ್ತಾ ನಿಲ್ಲುತ್ತಾನೆ. ಉಂಡಿದ್ದಾನೆ ಎಂದು ಬೀದಿ ತಿಳಿಯಬೇಕು. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎನ್ನುವ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಎಲ್ಲೂ ಸಿಕ್ಕಿಲ್ಲ. ಈ ಎಸ್ಕುದೇರೊ ಊರು ಬಿಟ್ಟು ಬಂದದ್ದೂ ಇಂಥದೇ ಕಾರಣಕ್ಕೆ. ಟೋಪಿ ತೆಗೆದು ವಂದಿಸುವ ವಿಷಯದಲ್ಲಿ ನೆರೆಯವನೊಡನೆ ಮನಸ್ತಾಪ. ಒಬ್ಬ ಕುಶಲಕರ್ಮಿ ತನಗೆ ಸಲ್ಲಬೇಕಾದಷ್ಟು ಗೌರವದ ಮಾತಿನಲ್ಲಿ ನಮಸ್ಕರಿಸಲಿಲ್ಲ ಎಂದೂ ಅವನು ಕೆರಳಿದ್ದಾನೆ. ನಾಲ್ಕೂವರೆ ಶತಮಾನದ ಹಿಂದಿನ ಆ ಮನುಷ್ಯನಿಗೂ ನೀನು-ನೀವುಗಳದೇ ತಕರಾರು. ಅವನು ಬಯಸುವ ಗೌರವದ ‘ವುಯೆಸ್ತ್ರಾ ಮೆರ್ಸೆದ್’ ಸವೆದು ಸವೆದು ಇಂದಿನ ಉಸ್ತೆದ್ ಆಗಿದೆ.

ತರಗತಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಪಾಠದ ಅರ್ಧ ಭಾಗ ನನಗೆ ಅರ್ಥವಾಗಿರಲಿಲ್ಲ. ಉಳಿದವರು ನಕ್ಕಲ್ಲಿ ನಕ್ಕು, ಬರೆದುಕೊಂಡಲ್ಲಿ ನಾನೂ ಪೆನ್ನು ಆಡಿಸುತ್ತಿದ್ದೆ. ನನ್ನ ಬಾಯಲ್ಲಿ ಒಂದು ಹುಲ್ಲುಕಡ್ಡಿ ಇತ್ತು, ಅದು ನನಗಿನ್ನೂ ಕಂಡಿರಲಿಲ್ಲ.

ಈಗ ಅಡುಗೆಮನೆಯ ಮಾತು. ನಾವು ನಾಲ್ವರು ಒಂದು ಮನೆಯನ್ನು ಹಂಚಿಕೊಂಡಿದ್ದೆವು. ಅದರಲ್ಲಿ ಒಬ್ಬಳು ಪಕ್ಕದ ಥಮೋರಾ ಸೀಮೆಯ ಹಳ್ಳಿಯವಳು. ನನಗೆ ಬೇಳೆಯಂತೆ ಬೇಯಿಸುವ ಲೆಂತೇಹಾಸ್ ಕಲಿಸಿದವಳು, ಹಂದಿಮಾಂಸದ ತುಣುಕಿಗೆ ಅಲ್ಲಿ ಎಷ್ಟೋ ಜನ ಮಾಂಸವೆಂದೇ ಎಣಿಸುವುದಿಲ್ಲ, ಆದ್ದರಿಂದ ‘ಮಾಂಸ ಬೇಡ’ ಎಂದರೆ ಸಾಲದು, ‘ಹಾಮೋನ್ ಕೂಡ ಬೇಡ’ ಎನ್ನಬೇಕು ಎಂದು ತಿಳಿಸಿಕೊಟ್ಟವಳು. ನವೆಂಬರಿನ ಒಂದು ರಾತ್ರಿ ಅವಳು ಫೋನು ಹಿಡಿದುಕೊಂಡೇ ಅಡುಗೆಮನೆಗೆ ಬಂದು ಒಲೆಯ ಮುಂದೆ ನಿಂತು ಏನೋ ಹೇಳಿದಳು. ಬೇಗ ಬೇಗ ಹೇಳಿದಳು, ನನ್ನ ಕಡೆ ನೋಡದೆ ಹೇಳಿದಳು. ನನಗೆ ಸಿಕ್ಕಿದ್ದು ಅಜ್ಜಿ, ಹಳ್ಳಿ, ನಾಳೆ ಎನ್ನುವ ಮೂರು ಪದ. ನಡುವೆ ‘ಎಂತಿಯೆರ್ರೊ’ ಎಂಬ ಒಂದು ಪದ ಬಂತು, ಅದು ಗೊತ್ತಿರಲಿಲ್ಲ. ಮೂರು ಗೊತ್ತಿದ್ದರೆ ನಾಲ್ಕನೆಯದನ್ನು ಊಹಿಸಬಹುದು ಎನ್ನುವುದು ಭಾಷೆ ಕಲಿಯುವವರ ಧೈರ್ಯ. ನಾಳೆ ಹಳ್ಳಿಗೆ ಅಜ್ಜಿಯನ್ನು ನೋಡಲು ಹೋಗುತ್ತಿದ್ದಾಳೆ ಎಂದುಕೊಂಡು ನಾನು ಮುಖವರಳಿಸಿ, ‘ಎಷ್ಟು ಚೆನ್ನಾಯಿತು!’ ಎಂದೆ.

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಒಲೆ ಆರಿಸಿ ಕೋಣೆಗೆ ಹೋದಳು. ನಾನು ನಿಘಂಟು ತೆಗೆದದ್ದು ಅವಳು ಮನೆ ಬಿಟ್ಟು ಹೋದ ಮೇಲೆ, ಮರುದಿನ ಮಧ್ಯಾಹ್ನ. ಎಂತಿಯೆರ್ರೊ ಎಂದರೆ ಮಣ್ಣು ಮಾಡುವುದು.

ಆ ವಾರ ನಾನು ಓದುತ್ತಿದ್ದ ಪುಸ್ತಕ ಬೆನ್ ಲರ್ನರ್‌ನ ‘ಲೀವಿಂಗ್ ದಿ ಅಟೋಚಾ ಸ್ಟೇಷನ್’. 2011ರಲ್ಲಿ ಬಂದ ಈ ಅಮೆರಿಕನ್ ಕಾದಂಬರಿಯನ್ನು ವಿದೇಶದಲ್ಲಿ ಓದುವವರ ಬದುಕಿನ ಬಗ್ಗೆ ಕೇಳಿದವರಿಗೆಲ್ಲ ಸೂಚಿಸುತ್ತಾರೆ. ಆಡಮ್ ಗೋರ್ಡನ್ ಎಂಬ ಎಳೆಯ ಕವಿ ವಿದ್ಯಾರ್ಥಿವೇತನ ಪಡೆದು ಮ್ಯಾಡ್ರಿಡ್‌ಗೆ ಬಂದಿದ್ದಾನೆ. ಸ್ಪೇನಿನ ಅಂತರ್ಯುದ್ಧದ ಬಗ್ಗೆ ಸಂಶೋಧನೆ ಮಾಡಿ ದೀರ್ಘ ಕವಿತೆ ಬರೆಯುತ್ತೇನೆಂದು ಅರ್ಜಿಯಲ್ಲಿ ಹೇಳಿಕೊಂಡಿದ್ದಾನೆ. ಅಂಥ ಸಂಶೋಧನೆಯನ್ನೇನೂ ಮಾಡುವುದಿಲ್ಲ. ದಿನವೂ ಪ್ರಾಡೊ ಸಂಗ್ರಹಾಲಯಕ್ಕೆ ಹೋಗಿ ಒಂದೇ ಚಿತ್ರದ ಮುಂದೆ ನಿಲ್ಲುತ್ತಾನೆ. ಒಂದು ದಿನ ಆ ಜಾಗದಲ್ಲಿ ಮತ್ತೊಬ್ಬ ನಿಂತು ಬಿಕ್ಕುತ್ತಿರುವುದನ್ನು ಕಂಡು, ಕಲೆಯಿಂದ ಇಷ್ಟು ಆಳದ ಅನುಭವ ನಿಜಕ್ಕೂ ಆಗುತ್ತದೆಯೇ ಎಂದು ಗೊಂದಲಕ್ಕೆ ಬೀಳುತ್ತಾನೆ.

ಈ ಕಾದಂಬರಿಯ ದೊಡ್ಡ ಸಾಧನೆ ಅರೆಬರೆ ಅರ್ಥವಾಗುವ ಭಾಷೆಯನ್ನು ಬರೆದ ರೀತಿ. ಯಾರಾದರೂ ಸ್ಪ್ಯಾನಿಷ್‌ನಲ್ಲಿ ಮಾತಾಡಿದಾಗ ಆಡಮ್ ನಮಗೆ ಅದರ ಅನುವಾದ ಕೊಡುವುದಿಲ್ಲ. ಅವಳು ಹೀಗೆ ಹೇಳಿದಳು, ಅಥವಾ ಹಾಗೆ, ಅಥವಾ ಇನ್ನೊಂದು ಎಂದು ಸಾಧ್ಯವಿರುವ ಅರ್ಥಗಳ ಸಾಲನ್ನೇ ಇಡುತ್ತಾನೆ. ನನ್ನ ಪ್ರತಿದಿನದ ಕಿವಿಯ ಅನುಭವವನ್ನು ಇಷ್ಟು ನಿಖರವಾಗಿ ಹಿಡಿದ ಗದ್ಯವನ್ನು ನಾನು ಬೇರೆಲ್ಲೂ ಓದಿಲ್ಲ. ಅರ್ಥ ಎಂಬುದು ಒಂದೇ ಸಲ ಬರುವುದಿಲ್ಲ, ನಾಲ್ಕೈದು ಬಟ್ಟೆ ತೊಟ್ಟು ಬಾಗಿಲಲ್ಲಿ ನಿಲ್ಲುತ್ತದೆ, ಒಳಗೆ ಕರೆಯಬೇಕಾದದ್ದು ಯಾವುದೆಂದು ನಿಮಗೆ ತಿಳಿಯುವುದಿಲ್ಲ.

ಕಾದಂಬರಿಯ ಆರಂಭದಲ್ಲೇ ಒಂದು ಪ್ರಸಂಗವಿದೆ. ಸ್ನೇಹಿತರ ಗುಂಪಿನಲ್ಲಿ ಇಸಬೆಲ್ ಎಂಬವಳು ತನ್ನ ಬದುಕಿನ ನೋವಿನ ಸಂಗತಿಯೊಂದನ್ನು ಹೇಳುತ್ತಿದ್ದಾಳೆ. ಆಡಮ್‌ಗೆ ಅರ್ಥವಾಗುತ್ತಿಲ್ಲ. ಮುಖದ ಮೇಲೆ ಒಂದು ಮುಗುಳ್ನಗೆ ಹಚ್ಚಿಕೊಂಡು ಕೂತಿದ್ದಾನೆ. ಅಲ್ಲಿದ್ದವನೊಬ್ಬ ಎದ್ದು ಬಂದು ಅವನ ಮುಖಕ್ಕೆ ಗುದ್ದುತ್ತಾನೆ. ಇದನ್ನು ಓದಿದಾಗ ನನ್ನ ಕೈ ನಡುಗಿತು. ನನ್ನನ್ನು ಯಾರೂ ಗುದ್ದಿರಲಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಆದರೆ ಮುಂದಕ್ಕೆ ಓದುತ್ತಾ ಹೋದಂತೆ ನನಗೂ ಆಡಮ್‌ಗೂ ಜಗಳ ಶುರುವಾಯಿತು. ಗುದ್ದಿನಿಂದ ಅವನು ಕಲಿಯುವುದು ಏನು? ಏಟು ತಿಂದದ್ದರಿಂದ ಅವನಿಗೆ ಅನುಕಂಪ ಸಿಗುತ್ತದೆ, ಅದನ್ನು ಬೆಳೆಸಲು ಸುಳ್ಳು ಹೇಳುತ್ತಾನೆ. ಅಮೆರಿಕದಲ್ಲಿ ಆರೋಗ್ಯವಾಗಿರುವ ತಾಯಿ ತೀರಿಕೊಂಡಿದ್ದಾಳೆ ಎನ್ನುವಷ್ಟರ ಮಟ್ಟಿಗೆ ಸುಳ್ಳು. ತನ್ನ ಮಾತು ಮುರುಕಾಗಿರುವುದರಿಂದಲೇ ಎದುರಿನವರು ಅದರಲ್ಲಿ ಆಳವನ್ನು ಕಲ್ಪಿಸಿಕೊಳ್ಳುತ್ತಾರೆ ಎಂದು ಅವನಿಗೆ ಗೊತ್ತು. ಭಾಷೆ ಸುಧಾರಿಸಿದರೆ ಈ ಆಕರ್ಷಣೆ ಹೋಗಿಬಿಡುತ್ತದೆ ಎಂದು ಅಂಜುತ್ತಾನೆ. ಅವನ ಪಾಲಿಗೆ ಅರ್ಥವಾಗದಿರುವುದು ಒಂದು ಬಂಡವಾಳ. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬು ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಕಾದಂಬರಿಯಲ್ಲಿ ಆ ದಿನವೂ ಬರುತ್ತದೆ. ಊರೆಲ್ಲ ಬೀದಿಗಿಳಿದಾಗಲೂ ಆಡಮ್ ಚರಿತ್ರೆಯ ಪಕ್ಕದಲ್ಲಿ ನಿಂತ ಪ್ರೇಕ್ಷಕನೇ.

ಲರ್ನರ್ ಇದನ್ನು ಬೇಕೆಂದೇ ಹೀಗೆ ಬರೆದಿದ್ದಾನೆ, ಆಡಮ್‌ನನ್ನು ನೋಡಿ ನಾವು ನಗಬೇಕು, ಅಸಹ್ಯಪಡಬೇಕು ಎಂಬುದು ನನಗೆ ಗೊತ್ತು. ನನ್ನ ತಕರಾರು ಬೇರೆ. ಈ ಕಾದಂಬರಿಯಲ್ಲಿ ಸ್ಪೇನಿನವರ ಮಾತು ಕೊನೆಯವರೆಗೂ ಆಡಮ್‌ನ ಮನಸ್ಸಿನ ಆಟಕ್ಕೆ ಸಾಮಗ್ರಿಯಾಗಿಯೇ ಉಳಿಯುತ್ತದೆ. ಇಸಬೆಲ್ ನಿಜಕ್ಕೂ ಏನು ಹೇಳಿದಳು ಎನ್ನುವುದಕ್ಕಿಂತ, ಅದು ಅರ್ಥವಾಗದೆ ಇವನಿಗೆ ಏನೆನ್ನಿಸಿತು ಎನ್ನುವುದೇ ಗದ್ಯದ ಸೊಗಸು. ‘ಅಥವಾ’ಗಳ ಆ ಸಾಲು ಎಷ್ಟು ಚೆಂದವಿದೆಯೆಂದರೆ ‘ಇನ್ನೊಮ್ಮೆ ಹೇಳು’ ಎಂಬ ಮೂರನೆಯ ತರಗತಿಯ ವಾಕ್ಯಕ್ಕೆ ಅಲ್ಲಿ ಜಾಗವೇ ಉಳಿಯುವುದಿಲ್ಲ. ಎಸ್ಕುದೇರೊನ ಹುಲ್ಲುಕಡ್ಡಿ ಇಲ್ಲಿ ಬಂಗಾರದ ಕಡ್ಡಿಯಾಗಿದೆ. ಲಥಾರಿಯೊ ಬರೆದವನು ಮಾಡಿದ್ದು ಬೇರೆ. ಅವನು ಕಥೆಯನ್ನು ಎಸ್ಕುದೇರೊನ ಬಾಯಿಂದ ಹೇಳಿಸದೆ ಅವನಿಗೆ ಉಣ್ಣಿಸುವ ಹುಡುಗನ ಬಾಯಿಂದ ಹೇಳಿಸಿದ. ಹುಡುಗನಿಗೆ ಯಜಮಾನನ ಸೋಗು ಕಾಣುತ್ತದೆ, ಆದರೂ ಕರುಣೆ ಬರುತ್ತದೆ. ಒಂದು ಸೋಗನ್ನು ಬರೆಯಲು ಅದರ ಬೆಲೆ ತೆತ್ತವರ ಕಣ್ಣು ಬೇಕು. ಆಡಮ್‌ನ ಸೋಗಿನ ಬೆಲೆ ತೆತ್ತವಳು ಇಸಬೆಲ್. ಅವಳ ಕಣ್ಣಿನಿಂದ ಬರೆದ ಒಂದು ಪುಟ ಆ ಪುಸ್ತಕದಲ್ಲಿಲ್ಲ.

ಹೀಗೆ ಬೇಸತ್ತಿದ್ದಾಗ ಕೈಗೆ ಬಂದದ್ದು ಕಾರ್ಮೆನ್ ಲಾಫೊರೆತ್‌ಳ ‘ನಾದಾ’. ಹೆಸರು ಕೇಳಿದರೆ ಕನ್ನಡದ ಕಿವಿಗೆ ನಾದ. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ ‘ಏನೂ ಇಲ್ಲ’. 1945ರಲ್ಲಿ ಅಚ್ಚಾದಾಗ ಲೇಖಕಿಗೆ 23 ವರ್ಷ. ನದಾಲ್ ಪ್ರಶಸ್ತಿ ಸಂದ ಮೊತ್ತಮೊದಲ ಕಾದಂಬರಿ ಇದು. ಲಾಫೊರೆತ್ ಬಾರ್ಸಿಲೋನಾದಲ್ಲಿ ಹುಟ್ಟಿ, ಕೆನರಿ ದ್ವೀಪಗಳಲ್ಲಿ ಬೆಳೆದು, ಅಂತರ್ಯುದ್ಧ ಮುಗಿದ 1939ರಲ್ಲಿ ಓದಲೆಂದು ಬಾರ್ಸಿಲೋನಾಕ್ಕೆ ಮರಳಿದ್ದಳು. ಕಾದಂಬರಿಯ ಆಂದ್ರೆಯಾ ಕೂಡ 18ರ ಹುಡುಗಿ. ವಿಶ್ವವಿದ್ಯಾಲಯದಲ್ಲಿ ಓದಲು ನಡುರಾತ್ರಿ ಬಾರ್ಸಿಲೋನಾ ನಿಲ್ದಾಣದಲ್ಲಿ ಇಳಿಯುತ್ತಾಳೆ. ಹೇಳಿದ್ದ ರೈಲಿಗೆ ಬಂದಿಲ್ಲವಾದ್ದರಿಂದ ಕರೆದೊಯ್ಯಲು ಯಾರೂ ಇಲ್ಲ. ಅರಿಬಾವು ಬೀದಿಯ ಅಜ್ಜಿಯ ಮನೆಯಲ್ಲಿ ಸೋದರಮಾವಂದಿರ ಕೂಗಾಟ, ಕೊಳಕು, ಯುದ್ಧದ ನಂತರದ ಹಸಿವು.

ಆಂದ್ರೆಯಾ ಪರದೇಶದವಳಲ್ಲ. ಭಾಷೆ ಅವಳದೇ. ಆದರೂ ವಿದೇಶದಲ್ಲಿ ಓದುವ ಯಾರಿಗೂ ಈ ಕಾದಂಬರಿ ಆಡಮ್‌ನ ಕಥೆಗಿಂತ ಹತ್ತಿರದ್ದು ಎಂದು ನನಗೆ ಅನ್ನಿಸುತ್ತದೆ. ಕಾರಣ, ಹೊಂದಿಕೊಳ್ಳುವುದು ಬರೀ ಭಾಷೆಯ ಪ್ರಶ್ನೆಯಲ್ಲ ಎಂದು ಅದು ತೋರಿಸುತ್ತದೆ. ಒಂದು ಹಂತದಲ್ಲಿ ಆಂದ್ರೆಯಾ ಮನೆಯವರ ಜೊತೆ ಉಣ್ಣುವುದನ್ನು ಬಿಟ್ಟು, ತಿಂಗಳಿಗೆ ಬರುವ ಪುಟ್ಟ ಪಿಂಚಣಿಯಲ್ಲಿ ತನ್ನ ಊಟ ತಾನೇ ನೋಡಿಕೊಳ್ಳಲು ನಿರ್ಧರಿಸುತ್ತಾಳೆ. ಸ್ವಾತಂತ್ರ್ಯದ ಖುಷಿಯಲ್ಲಿ ಹಣ ಮೊದಲ ದಿನಗಳಲ್ಲೇ ಕರಗುತ್ತದೆ. ಶ್ರೀಮಂತ ಗೆಳತಿ ಎನಾಳ ತಾಯಿಗೆ ಗುಲಾಬಿ ಹೂಗಳನ್ನು ಕಳಿಸುತ್ತಾಳೆ. ಆಮೇಲೆ ಅಡುಗೆಮನೆಯಲ್ಲಿ ತರಕಾರಿ ಬೇಯಿಸಿ ಬಸಿದ ನೀರನ್ನು ಕದ್ದು ಕುಡಿಯುತ್ತಾಳೆ.

ಮತ್ತೆ ಅದೇ ಗಾದೆ, ಹೊಟ್ಟೆಗೆ ಹಿಟ್ಟಿಲ್ಲ, ಕೈಯಲ್ಲಿ ಹೂವು. ಆದರೆ ಆಂದ್ರೆಯಾ ಹೂವನ್ನು ತನ್ನ ಜುಟ್ಟಿಗೆ ಮುಡಿಯುವುದಿಲ್ಲ, ಬೇರೆಯವರಿಗೆ ಕೊಡುತ್ತಾಳೆ. ತನಗೆ ಹಾಡು ಕೇಳಿಸಿದ, ತನ್ನನ್ನು ಮನೆಗೆ ಕರೆದ ಜನರ ಋಣ ತೀರಿಸುವ ಆಸೆ ಅದು. ಇಲ್ಲಿ ಲಾಫೊರೆತ್‌ಳ ಬರವಣಿಗೆಯ ಪ್ರಾಮಾಣಿಕತೆ ಕಾಣುತ್ತದೆ. ಬಡ ವಿದ್ಯಾರ್ಥಿನಿಯ ಸೋಗನ್ನು ಅವಳು ಹಾಸ್ಯ ಮಾಡುವುದಿಲ್ಲ, ಹೊಗಳುವುದೂ ಇಲ್ಲ. ಸಹಪಾಠಿ ಪೊನ್ಸ್ ತನ್ನ ಮನೆಯ ಔತಣಕ್ಕೆ ಕರೆದಾಗ ಆಂದ್ರೆಯಾ ಕನಸು ಕಟ್ಟಿಕೊಂಡು ಹೋಗುತ್ತಾಳೆ. ಪೊನ್ಸ್‌ನ ತಾಯಿಯ ಕಣ್ಣು ಅವಳ ಹಳೆಯ ಬೂಟಿನ ಮೇಲೆ ಬೀಳುತ್ತದೆ. ಅಷ್ಟೇ ಸಾಕು. ನಮ್ಮ ಹುಡುಗರು ಅಲ್ಲಿಯ ಚಳಿಗಾಲಕ್ಕೆ ಊರಿನಿಂದ ತಂದ ಜಾಕೆಟ್ಟಿನಲ್ಲಿ ನಡುಗುತ್ತಾ ‘ನನಗೇನೂ ಚಳಿಯಾಗುವುದಿಲ್ಲ’ ಎನ್ನುವುದನ್ನು ನಾನು ಕೇಳಿದ್ದೇನೆ. ಸಾಲಮಾಂಕಾ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಜನವರಿಯ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಚಳಿಯಾಗುವುದಿಲ್ಲ ಎನ್ನುವವರ ಬೂಟು ನೋಡಿದರೆ ಎಲ್ಲ ತಿಳಿಯುತ್ತದೆ.

ಆಂದ್ರೆಯಾಳ ಇನ್ನೊಂದು ಗುಣವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಅವಳು ಕೇಳುತ್ತಾಳೆ. ಅಜ್ಜಿ, ಮಾವನ ಹೆಂಡತಿ ಗ್ಲೋರಿಯಾ, ಎನಾ, ಕೊನೆಗೆ ಎನಾಳ ತಾಯಿ, ಎಲ್ಲರೂ ತಮ್ಮ ಕಥೆಯನ್ನು ಅವಳ ಮುಂದೆ ಹೇಳಿಕೊಳ್ಳುತ್ತಾರೆ. ಅವಳಿಗೆ ಎಲ್ಲವೂ ಅರ್ಥವಾಗುವುದಿಲ್ಲ. ಆದರೆ ಅರ್ಥವಾಗದ್ದನ್ನು ತನ್ನ ಆಟಕ್ಕೆ ಬಳಸಿಕೊಳ್ಳುವುದಿಲ್ಲ. ಇಡೀ ಪುಸ್ತಕದಲ್ಲಿ ಅಂತರ್ಯುದ್ಧದ ಬಗ್ಗೆ ನೇರವಾದ ಮಾತು ಬಹಳ ಕಡಿಮೆ, ಫ್ರಾಂಕೊ ಆಡಳಿತದ ಆ ಕಾಲದಲ್ಲಿ ಅದು ಸುಲಭವೂ ಇರಲಿಲ್ಲ. ಆದರೂ ಯುದ್ಧ ಪ್ರತಿ ಕೋಣೆಯಲ್ಲಿದೆ. ಯುದ್ಧದ ಬಗ್ಗೆ ಕವಿತೆ ಬರೆಯಲು ಹಣ ಪಡೆದು ಬಂದ ಆಡಮ್‌ಗೆ ಕೇಳಿಸದ ಸದ್ದು, ಬಸಿದ ನೀರು ಕುಡಿಯುವ ಈ ಹುಡುಗಿಗೆ ಕೇಳಿಸುತ್ತದೆ. ಕೊನೆಯಲ್ಲಿ ಮ್ಯಾಡ್ರಿಡ್‌ಗೆ ಹೊರಡುವಾಗ ಅರಿಬಾವು ಬೀದಿಯ ಮನೆಯಿಂದ ತಾನು ಏನನ್ನೂ ಒಯ್ಯುತ್ತಿಲ್ಲ ಎಂದುಕೊಳ್ಳುತ್ತಾಳೆ. ಆಗ ಹಾಗೆ ಅನ್ನಿಸಿತ್ತು ಎಂದು ಕೂಡಲೇ ಸೇರಿಸುತ್ತಾಳೆ. ಆ ‘ಆಗ’ದಲ್ಲಿ ಇಡೀ ಕಾದಂಬರಿ ಇದೆ. ‘ಏನೂ ಇಲ್ಲ’ ಎಂದುಕೊಂಡದ್ದು ನಾದವಾಗಿ ಆಮೇಲೆ ಕೇಳಿಸಿದ್ದರಿಂದಲೇ ಅವಳು ಬರೆಯಲು ಕೂತಳು.

ಇಲ್ಲಿ ಓದುಗರಲ್ಲಿ ಕೆಲವರು ಅನಂತಮೂರ್ತಿಯವರನ್ನು ನೆನೆದಿರಬಹುದು. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅವರು ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಉಪಶೀರ್ಷಿಕೆಗಳಿಲ್ಲದೆ, ತಮಗೆ ತಿಳಿಯದ ಸ್ವೀಡಿಷ್ ಭಾಷೆಯಲ್ಲಿ ನೋಡಿದರು. ಆ ಅರೆಬರೆ ಗ್ರಹಿಕೆಯ ತಳಮಳದಿಂದ ‘ಸಂಸ್ಕಾರ’ ಹುಟ್ಟಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಹಾಗಾದರೆ ಅರ್ಥವಾಗದಿರುವುದೂ ಫಲ ಕೊಡಬಲ್ಲದಲ್ಲವೇ? ಖಂಡಿತ. ಆದರೆ ಅನಂತಮೂರ್ತಿಯವರ ಎದುರಿಗಿದ್ದದ್ದು ಪರದೆ. ಪರದೆಯ ಮೇಲಿನ ಪಾತ್ರ ನಮ್ಮ ಉತ್ತರಕ್ಕೆ ಕಾಯುವುದಿಲ್ಲ. ಅವರು ತಮಗೆ ತಿಳಿಯದ್ದನ್ನು ತಿಳಿದವರಂತೆ ನಟಿಸಲಿಲ್ಲ, ತಮಗೆ ಚೆನ್ನಾಗಿ ತಿಳಿದ ಅಗ್ರಹಾರಕ್ಕೆ ಮರಳಿದರು. ಒಲೆಯ ಮುಂದೆ ನಿಂತ ಗೆಳತಿ ಪರದೆಯಲ್ಲ. ಸಾಹಿತ್ಯಕ್ಕೆ ಒಳ್ಳೆಯದಾದ ಅಸ್ಪಷ್ಟತೆ ಅಡುಗೆಮನೆಯಲ್ಲಿ ಕ್ರೌರ್ಯವಾಗಬಹುದು. ಆಡಮ್‌ನ ಕಥೆ ಈ ಎರಡನ್ನೂ ಬೆರೆಸಿಬಿಡುತ್ತದೆ ಎನ್ನುವುದೇ ನನ್ನ ಆಕ್ಷೇಪದ ಸಾರ.

ಗೆಳತಿ ನಾಲ್ಕು ದಿನದ ಮೇಲೆ ಹಳ್ಳಿಯಿಂದ ಬಂದಳು. ಅಷ್ಟರಲ್ಲಿ ನಾನು ಒಂದು ವಾಕ್ಯ ಕಲಿತಿಟ್ಟುಕೊಂಡಿದ್ದೆ. ಸಾವಿನ ಮನೆಯಲ್ಲಿ ಸ್ಪೇನಿನವರು ಹೇಳುವ, ‘ನಿನ್ನ ದುಃಖದಲ್ಲಿ ನಾನೂ ಜೊತೆಗಿದ್ದೇನೆ’ ಎನ್ನುವ ಅರ್ಥದ ಸಿದ್ಧ ಮಾತು. ನಮ್ಮಲ್ಲಿ ಇಂಥ ಮಾತು ಇದ್ದಂತಿಲ್ಲ, ನಾವು ಹೋಗಿ ಸುಮ್ಮನೆ ಪಕ್ಕದಲ್ಲಿ ಕೂರುತ್ತೇವೆ. ಕನ್ನಡಿಯ ಮುಂದೆ ಹತ್ತು ಸಲ ಹೇಳಿ ನೋಡಿಕೊಂಡಿದ್ದೆ. ಆದರೆ ಅವಳು ಚೀಲ ಇಳಿಸಿ ಅಡುಗೆಮನೆಯ ಕುರ್ಚಿಯಲ್ಲಿ ಕೂತಾಗ ಆ ವಾಕ್ಯವೂ ಒಂದು ಹುಲ್ಲುಕಡ್ಡಿಯಂತೆ ಕಂಡಿತು. ತಪ್ಪಿಲ್ಲದ ಉಚ್ಚಾರಣೆಯಲ್ಲಿ ಅದನ್ನು ಹೇಳಿದರೆ ನನಗೆ ಎಲ್ಲ ಅರ್ಥವಾಗಿತ್ತು ಎಂದಾಗುತ್ತದೆ.

‘ಅಂದು ನೀನು ಹೇಳಿದ್ದು ನನಗೆ ಅರ್ಥವಾಗಿರಲಿಲ್ಲ. ಆಗಿದೆ ಎಂದು ನಟಿಸಿದೆ. ನಾನು ತುಂಬ ಸಲ ಹಾಗೆ ಮಾಡುತ್ತೇನೆ. ಇನ್ನೊಮ್ಮೆ ಹೇಳ್ತೀಯಾ?’ ಎಂದೆ. ವ್ಯಾಕರಣ ಎರಡು ಕಡೆ ತಪ್ಪಿತ್ತು.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ಅಜ್ಜಿಗೆ ಎಷ್ಟು ವರ್ಷವಾಗಿತ್ತು, ಯಾವ ಕೋಣೆಯಲ್ಲಿ ಮಲಗುತ್ತಿದ್ದಳು, ಲೆಂತೇಹಾಸ್‌ಗೆ ಕೊನೆಯಲ್ಲಿ ಒಂದು ಹನಿ ವಿನೆಗರ್ ಹಾಕುವುದನ್ನು ಕಲಿಸಿದ್ದು ಅವಳೇ ಎನ್ನುವುದು. ನಿಧಾನವಾಗಿ ಹೇಳಿದಳು. ನಾನು ಮೂರು ಸಲ ತಡೆದು ಪದದ ಅರ್ಥ ಕೇಳಿದೆ. ತಡೆದಾಗ ಅವಳಿಗೆ ಬೇಸರವಾಗಲಿಲ್ಲ, ಪ್ರತಿ ಪದಕ್ಕೂ ಅಜ್ಜಿಯ ಬದುಕಿನಿಂದಲೇ ಒಂದು ಉದಾಹರಣೆ ಕೊಟ್ಟಳು. ರಾತ್ರಿ ಹತ್ತಕ್ಕೆ ಇಬ್ಬರೂ ಒಟ್ಟಿಗೆ ಉಂಡೆವು. ಎಲ್ಲ ಮೊದಲಿನಂತಾಯಿತು ಎಂದು ಹೇಳಲಾರೆ. ಆ ‘ಎಷ್ಟು ಚೆನ್ನಾಯಿತು’ ಎಂಬ ಮಾತನ್ನು ಅವಳು ಮರೆತಿರಲಾರಳು, ನಾನಂತೂ ಮರೆತಿಲ್ಲ. ಆದರೆ ಮರುವಾರ ತರಗತಿಯಲ್ಲಿ ನಾನು ಕೈಯೆತ್ತಿ, ಪ್ರಾಧ್ಯಾಪಕಿಯನ್ನು ಮೊದಲ ಸಲ ‘ತೂ’ ಎಂದು ಕರೆದು, ಅರ್ಥವಾಗಲಿಲ್ಲ ಎಂದೆ. ನನ್ನ ಹಿಂದೆ ಕೂತಿದ್ದ ಇಬ್ಬರು ಸ್ಪೇನಿನ ಹುಡುಗರು ತಮಗೂ ಆಗಿರಲಿಲ್ಲ ಎಂದರು.

ಈಸ್ಟರ್ ಮುಗಿದ ಮರುವಾರದ ಸೋಮವಾರ ಸಾಲಮಾಂಕಾದ ಜನ ನದಿಯ ದಡಕ್ಕೆ ಹೋಗಿ ಓರ್ನಾಥೊ ಎಂಬ ಮಾಂಸ ತುಂಬಿದ ಕಡುಬನ್ನು ತಿನ್ನುವ ಹಬ್ಬವಿದೆ. ನಮ್ಮ ಮನೆಯವರೂ ಹೋದೆವು. ನನಗೆಂದು ಗೆಳತಿ ಬರೀ ಮೊಟ್ಟೆಯ ತೊರ್ತಿಯಾ ಕಟ್ಟಿಕೊಂಡು ಬಂದಿದ್ದಳು, ‘ಹಾಮೋನ್ ಕೂಡ ಇಲ್ಲ’ ಎಂದು ಮೊದಲೇ ಹೇಳಿದಳು. ಹಿಂತಿರುಗುವಾಗ ಸೇತುವೆಯ ಮೇಲೆ ಮತ್ತೆ ಆ ಗೂಳಿ. ಹೊಸದಾಗಿ ಬಂದ ಒಂದು ಗುಂಪು ಸರದಿಯಲ್ಲಿ ಕಿವಿಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಿತ್ತು. ಒಳಗೆ ಏನಾದರೂ ಕೇಳಿಸಿತೇ ಎಂದು ಅವರಲ್ಲೊಬ್ಬಳನ್ನು ಕೇಳಿದೆ. ಅವಳು ನನ್ನ ಮುಖ ನೋಡಿ, ಏನೂ ತಿಳಿಯದೆ ನಕ್ಕು, ‘ಬಾಲೆ, ಬಾಲೆ’ ಎಂದಳು. ನಾನು ಪ್ರಶ್ನೆಯನ್ನು ನಿಧಾನವಾಗಿ ಇನ್ನೊಮ್ಮೆ ಕೇಳಿದೆ.